ರಕ್ತಗುಣವೋ, ಬೆಳೆಸಿದ ಗುಣವೋ? – ಒಂದು ವಾದದ ನೂರೈವತ್ತು ವರ್ಷಗಳು

"ಹುಟ್ಟುಗುಣ ಸುಟ್ಟರೂ ಹೋಗದು" ಎನ್ನುತ್ತದೆ ನಮ್ಮ ಒಂದು ಗಾದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎನ್ನುತ್ತದೆ ಇನ್ನೊಂದು. ಮೊದಲನೆಯದರ ಪ್ರಕಾರ ಸ್ವಭಾವ ಎನ್ನುವುದು ಹುಟ್ಟುವಾಗಲೇ ಬಂದದ್ದು, ಏನು ಮಾಡಿದರೂ ಬದಲಾಗದು. ಎರಡನೆಯದರ ಪ್ರಕಾರ ಎಳವೆಯಲ್ಲಿ ಹೇಗೆ ಬಗ್ಗಿಸಿದರೆ ಹಾಗೆ ಬೆಳೆಯುತ್ತದೆ. ನಮ್ಮ ಹಿರಿಯರು ಎರಡನ್ನೂ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಸಂದರ್ಭಕ್ಕೆ ಯಾವುದು ಹೊಂದುತ್ತದೋ ಅದು.

ಆದರೆ ಗಮನಿಸಿ ನೋಡಿ. ಎರಡೂ ಗಾದೆಗಳು ಕೊನೆಗೆ ಬಂದು ನಿಲ್ಲುವುದು ಒಬ್ಬಳ ಮುಂದೆಯೇ. ಮಗು ಹಠಮಾರಿಯಾದರೆ "ತಾಯಿಯ ಕಡೆಯ ರಕ್ತ" ಎನ್ನುತ್ತಾರೆ, ಇಲ್ಲವೇ "ತಾಯಿ ಸರಿಯಾಗಿ ಬೆಳೆಸಲಿಲ್ಲ" ಎನ್ನುತ್ತಾರೆ. ಹುಟ್ಟುಗುಣವಾದರೂ ಅವಳದೇ, ಬೆಳೆಸಿದ ಗುಣವಾದರೂ ಅವಳದೇ. ಇದು ನಮ್ಮ ಮನೆಗಳ ಕಥೆ ಮಾತ್ರವಲ್ಲ. ಮನುಷ್ಯನ ನಡವಳಿಕೆಗೆ ಅನುವಂಶೀಯತೆ ಎಷ್ಟು ಕಾರಣ ಎಂದು ವಿಜ್ಞಾನ ಹುಡುಕಿಕೊಂಡು ಹೊರಟ ನೂರೈವತ್ತು ವರ್ಷಗಳ ಕಥೆಯೂ ಬಹುಮಟ್ಟಿಗೆ ಹೀಗೆಯೇ ಇದೆ.

ನಾನು ಜೀವವಿಜ್ಞಾನ ಓದಿದವಳಲ್ಲ. ಎಂಟೆಕ್ ಮಾಡಿ ಪುಣೆಯಲ್ಲಿ ಐಟಿ ಕಂಪನಿಯೊಂದರಲ್ಲಿ ದತ್ತಾಂಶದ ಕೆಲಸ ಮಾಡುತ್ತೇನೆ. ಈ ವಿಷಯ ಓದಲು ಹಿಡಿದದ್ದು ಮನೆಯ ಕಾರಣಕ್ಕೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಕಥೆಯನ್ನು ಆರಂಭದಿಂದ ನೋಡೋಣ.

ನ್ಯಾಯಾಧೀಶರ ಮಕ್ಕಳು ನ್ಯಾಯಾಧೀಶರೇ ಏಕೆ?

ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನ ಶ್ರೀಮಂತ ಮನೆತನದವನು, ಚಾರ್ಲ್ಸ್ ಡಾರ್ವಿನ್ನನ ಬಂಧು. ಇಬ್ಬರಿಗೂ ಎರಾಸ್ಮಸ್ ಡಾರ್ವಿನ್ ಅಜ್ಜ. ಗಾಲ್ಟನ್‌ಗೆ ಎಣಿಸುವ ಹುಚ್ಚು. 1869ರಲ್ಲಿ ಅವನು ಪ್ರಕಟಿಸಿದ 'ಹೆರಿಡಿಟರಿ ಜೀನಿಯಸ್' ಪುಸ್ತಕದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು, ರಾಜಕಾರಣಿಗಳು, ಸೇನಾನಿಗಳು, ಕವಿಗಳು, ವಿಜ್ಞಾನಿಗಳು ಇವರ ವಂಶಾವಳಿ ತೆಗೆದು, ಪ್ರಸಿದ್ಧರ ಹತ್ತಿರದ ಸಂಬಂಧಿಗಳಲ್ಲಿ ಪ್ರಸಿದ್ಧರು ಹೆಚ್ಚು, ಸಂಬಂಧ ದೂರವಾದಂತೆ ಕಡಿಮೆ ಎಂದು ತೋರಿಸಿದ. ಆದ್ದರಿಂದ ಪ್ರತಿಭೆ ರಕ್ತದಲ್ಲಿ ಬರುತ್ತದೆ ಎಂಬುದು ಅವನ ತೀರ್ಮಾನ.

ನ್ಯಾಯಾಧೀಶನ ಮಗನಿಗೆ ಒಳ್ಳೆಯ ಶಾಲೆ, ಮನೆಯಲ್ಲಿ ಪುಸ್ತಕ, ಅಪ್ಪನ ಪರಿಚಯ, ಅಪ್ಪನ ಹಣ ಎಲ್ಲವೂ ಸಿಗುತ್ತದೆ ಎಂಬುದು ನಮಗೆ ತಕ್ಷಣ ಹೊಳೆಯುತ್ತದೆ. ಗಾಲ್ಟನ್ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಹಾಗೆಯೇ ಅವನ ಪಟ್ಟಿಯಲ್ಲಿ ಮಹಿಳೆಯರು ಬಹಳ ವಿರಳ. ನ್ಯಾಯಾಧೀಶರಾಗಲು, ಸೇನಾನಿಯಾಗಲು ಅವಕಾಶವೇ ಇಲ್ಲದವರು ಆ ಪಟ್ಟಿಯಲ್ಲಿ ಬರುವುದಾದರೂ ಹೇಗೆ?

ಆದರೂ ಅವನು ಬುದ್ಧಿವಂತ. 1875ರಲ್ಲಿ ಒಂದು ಒಳ್ಳೆಯ ಉಪಾಯ ಹೂಡಿದ. ಹುಟ್ಟು ಮತ್ತು ಬೆಳವಣಿಗೆ ಇವೆರಡರ ಪಾಲನ್ನು ಬೇರೆ ಬೇರೆ ಮಾಡಿ ನೋಡಬೇಕಾದರೆ ಅವಳಿ ಮಕ್ಕಳನ್ನು ನೋಡಿ ಎಂದ. ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. 1883ರಲ್ಲಿ ಅವನು ಇನ್ನೊಂದನ್ನೂ ಕೊಟ್ಟ. 'ಯೂಜೆನಿಕ್ಸ್' ಎಂಬ ಪದ. ಕನ್ನಡದಲ್ಲಿ ಸುಸಂತಾನ ಶಾಸ್ತ್ರ ಎನ್ನಬಹುದು. ಒಳ್ಳೆಯ ತಳಿಯ ಜನ ಹೆಚ್ಚು ಮಕ್ಕಳನ್ನು ಹೆರಬೇಕು, ಕೆಟ್ಟ ತಳಿಯವರು ಹೆರಬಾರದು ಎಂಬುದು ಅದರ ಸಾರ. ಹೆಸರು ಕೇಳಲು ಎಷ್ಟು ಚೆನ್ನಾಗಿದೆಯೋ ಪರಿಣಾಮ ಅಷ್ಟೇ ಭೀಕರವಾಯಿತು.

ಕ್ಯಾರಿ ಬಕ್ ಎಂಬ ಹುಡುಗಿ

1900ರಲ್ಲಿ ಮೆಂಡಲ್‌ನ ಬಟಾಣಿ ಗಿಡದ ಪ್ರಯೋಗಗಳು ಮರುಶೋಧಗೊಂಡವು. ಬಟಾಣಿ ಕಾಳು ಹಸಿರೋ ಹಳದಿಯೋ ಎಂಬುದು ಒಂದೇ ಅಂಶದಿಂದ ತೀರ್ಮಾನವಾಗುತ್ತದೆ ಎಂದು ತಿಳಿದಕೂಡಲೇ ಅಮೆರಿಕದ ಕೆಲವರು ಮನುಷ್ಯನ ಬಡತನ, ಕುಡಿತ, ಕಳ್ಳತನ, ಮಂದಬುದ್ಧಿ ಎಲ್ಲಕ್ಕೂ ಅದೇ ಲೆಕ್ಕ ಹಚ್ಚಿದರು. 1907ರಲ್ಲಿ ಇಂಡಿಯಾನಾ ರಾಜ್ಯ 'ಅಯೋಗ್ಯ'ರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಕಾಯ್ದೆ ತಂದಿತು. 1924ರಲ್ಲಿ ವರ್ಜೀನಿಯಾ ಕೂಡ ತಂದಿತು. ಆ ಕಾಯ್ದೆ ನ್ಯಾಯಾಲಯದಲ್ಲಿ ನಿಲ್ಲುತ್ತದೋ ಇಲ್ಲವೋ ಪರೀಕ್ಷಿಸಲು ಒಂದು ಪ್ರಕರಣ ಬೇಕಿತ್ತು. ಸಿಕ್ಕವಳು ಕ್ಯಾರಿ ಬಕ್.

ಕ್ಯಾರಿ ಬಡವಿ ತಾಯಿಯ ಮಗಳು. ಚಿಕ್ಕಂದಿನಲ್ಲೇ ಸಾಕುಮನೆಗೆ ಹೋದಳು. ಆರನೇ ತರಗತಿಯವರೆಗೆ ಶಾಲೆಗೆ ಹೋದಳು, ಆಮೇಲೆ ಮನೆಗೆಲಸಕ್ಕಾಗಿ ಬಿಡಿಸಿದರು. ಹದಿನೇಳನೇ ವಯಸ್ಸಿನಲ್ಲಿ ಸಾಕುತಾಯಿಯ ಸಂಬಂಧಿಯೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ. ಗರ್ಭಿಣಿಯಾದಳು. ಮನೆಯವರು ಅವಳನ್ನು ಮಂದಬುದ್ಧಿಯವಳು, ನಡತೆಗೆಟ್ಟವಳು ಎಂದು ಹೇಳಿ ರಾಜ್ಯದ ಆಶ್ರಯಧಾಮಕ್ಕೆ ಸೇರಿಸಿದರು. ಅವಳ ತಾಯಿ ಎಮ್ಮಾ ಆಗಲೇ ಅಲ್ಲಿದ್ದಳು. ಅಂದರೆ ಎರಡು ತಲೆಮಾರು ಸಿಕ್ಕಿತು. ಮೂರನೆಯದಕ್ಕೆ ಕ್ಯಾರಿಯ ಹಸುಳೆ ವಿವಿಯನ್. ಏಳು ತಿಂಗಳ ಕೂಸನ್ನು ನೋಡಿದ ಸಮಾಜಸೇವಕಿಯೊಬ್ಬಳು, ಇದರ ನೋಟ ಅಷ್ಟು ಸರಿಯಿಲ್ಲ ಎಂಬರ್ಥದಲ್ಲಿ ಸಾಕ್ಷಿ ಹೇಳಿದಳು. ಹ್ಯಾರಿ ಲಾಫ್ಲಿನ್ ಎಂಬ ಸುಸಂತಾನ ತಜ್ಞ ಕ್ಯಾರಿಯ ಮುಖವನ್ನೂ ನೋಡದೆ ಲಿಖಿತ ಸಾಕ್ಷ್ಯ ಕೊಟ್ಟ. ಕ್ಯಾರಿಯ ಪರ ವಾದಿಸಬೇಕಾದ ವಕೀಲನೋ ಆ ಆಶ್ರಯಧಾಮದ ಆಡಳಿತ ಮಂಡಳಿಯಲ್ಲಿದ್ದವನು. ಅವನು ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ.

1927ರ ಮೇ 2ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 8–1ರ ಬಹುಮತದಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಮಹಾ ಪಂಡಿತ. ಮೂರು ತಲೆಮಾರಿನ ಮಂದಬುದ್ಧಿಗಳು ಸಾಕು ಎಂಬ ಅರ್ಥದ ಒಂದು ಸಾಲು ಅವನ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. ಅದೇ ಅಕ್ಟೋಬರ್‌ನಲ್ಲಿ ಕ್ಯಾರಿಗೆ ಶಸ್ತ್ರಚಿಕಿತ್ಸೆ ಆಯಿತು. ಮರುವರ್ಷ ಅವಳ ತಂಗಿ ಡೋರಿಸ್‌ಗೂ ಮಾಡಿದರು. ಅಪೆಂಡಿಕ್ಸ್ ಆಪರೇಷನ್ ಎಂದು ಸುಳ್ಳು ಹೇಳಿದ್ದರು. ಮದುವೆಯಾಗಿ ಮಕ್ಕಳಿಗಾಗಿ ವರ್ಷಗಟ್ಟಲೆ ಕಾದ ಡೋರಿಸ್‌ಗೆ ನಿಜ ತಿಳಿದದ್ದು ಸುಮಾರು ಐವತ್ತು ವರ್ಷಗಳ ನಂತರ.

ಮತ್ತೆ ಆ ಕೂಸು ವಿವಿಯನ್? ಎಂಟನೇ ವಯಸ್ಸಿನಲ್ಲಿ, 1932ರಲ್ಲಿ, ಕಾಯಿಲೆಯಿಂದ ತೀರಿಕೊಂಡಳು. ಇತಿಹಾಸಕಾರರು ಎಷ್ಟೋ ವರ್ಷಗಳ ಮೇಲೆ ಅವಳ ಶಾಲಾ ದಾಖಲೆಗಳನ್ನು ಹುಡುಕಿ ತೆಗೆದರು. ಸಾಧಾರಣ ಜಾಣ ಹುಡುಗಿ. ಒಂದು ಸಲ ಶಾಲೆಯ ಗೌರವ ಪಟ್ಟಿಯಲ್ಲೂ ಅವಳ ಹೆಸರಿತ್ತು. ಕ್ಯಾರಿಯನ್ನು ಕಂಡು ಮಾತನಾಡಿದವರು ಅವಳು ಪತ್ರಿಕೆ ಓದುತ್ತಿದ್ದಳು, ಪದಬಂಧ ಬಿಡಿಸುತ್ತಿದ್ದಳು ಎಂದು ಬರೆದಿದ್ದಾರೆ. ಮೂರೂ ತಲೆಮಾರಿನಲ್ಲಿ ಅನುವಂಶೀಯವಾಗಿ ಬಂದದ್ದು ಮಂದಬುದ್ಧಿ ಅಲ್ಲ, ಬಡತನ.

ಅಮೆರಿಕದಲ್ಲಿ ಹೀಗೆ 60,000ಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆ ಆಯಿತು. ಲಾಫ್ಲಿನ್ ಬರೆದ ಮಾದರಿ ಕಾಯ್ದೆಯನ್ನು ನೋಡಿಕೊಂಡ ಹಿಟ್ಲರನ ಜರ್ಮನಿ 1933ರಲ್ಲಿ ತನ್ನದೇ ಕಾಯ್ದೆ ತಂದು ಸುಮಾರು 4 ಲಕ್ಷ ಜನರಿಗೆ ಮಾಡಿತು. ಮುಂದಿನದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ವರ್ಜೀನಿಯಾ ತನ್ನ ಕಾಯ್ದೆಯನ್ನು ರದ್ದು ಮಾಡಿದ್ದು 1974ರಲ್ಲಿ. ರಾಜ್ಯಪಾಲರು ಕ್ಷಮೆ ಕೇಳಿದ್ದು 2002ರಲ್ಲಿ. ಅಷ್ಟರಲ್ಲಿ ಕ್ಯಾರಿ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು.

ನಮ್ಮ ಹತ್ತಿರದ 'ಸೆಟ್ಲಮೆಂಟ್'

ಇದು ದೂರದ ದೇಶದ ಮಾತು ಎಂದುಕೊಳ್ಳಬೇಡಿ. ಸೊಲ್ಲಾಪುರದಲ್ಲಿ, ಹುಬ್ಬಳ್ಳಿಯಲ್ಲಿ 'ಸೆಟ್ಲಮೆಂಟ್' ಎಂಬ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರುತ್ತೀರಿ. ಅದರ ಹಿಂದೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇದೆ. ಕೆಲವು ಅಲೆಮಾರಿ ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು ಎಂದು ಬ್ರಿಟಿಷ್ ಸರ್ಕಾರ ಘೋಷಿಸಿತು. ಮೊದಲು ಉತ್ತರ ಭಾರತದಲ್ಲಿ ಬಂದ ಕಾಯ್ದೆ 1911ರ ಹೊತ್ತಿಗೆ ಇಡೀ ಬ್ರಿಟಿಷ್ ಭಾರತಕ್ಕೆ ಹರಡಿತು. ಆಗಿನ ಮುಂಬಯಿ ಪ್ರಾಂತ್ಯದಲ್ಲಿ ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಗದಗ ಮುಂತಾದೆಡೆ ಬೇಲಿಯೊಳಗೆ ವಸತಿ ಹಾಕಿ, ಹೊತ್ತು ಹೊತ್ತಿಗೆ ಹಾಜರಿ ತೆಗೆದುಕೊಂಡು, ಗಿರಣಿಗಳಲ್ಲಿ ದುಡಿಸಿದರು.

ಇದಕ್ಕೆ ಗಾಲ್ಟನ್ ನೇರ ಕಾರಣನಲ್ಲ. ಜಾತಿ ಎಂದರೆ ಕುಲಕಸುಬು, ಬಡಗಿಯ ಮಗ ಬಡಗಿಯಾದಂತೆ ಕಳ್ಳನ ಮಗ ಕಳ್ಳ ಎಂಬ ಆಡಳಿತಗಾರರ ಸುಲಭ ಲೆಕ್ಕ ಅದು. ಆ ಲೆಕ್ಕದಲ್ಲೇ ಒಂದು ಬಿರುಕಿತ್ತು. 1897ರ ತಿದ್ದುಪಡಿಯಲ್ಲಿ ಮಕ್ಕಳನ್ನು ತಂದೆತಾಯಿಯರಿಂದ ಬೇರೆ ಮಾಡಿ ಸುಧಾರಣಾ ವಸತಿಯಲ್ಲಿ ಇಡಲು ಅವಕಾಶ ಮಾಡಿಕೊಂಡರು. ಅಪರಾಧ ಹುಟ್ಟಿನಿಂದಲೇ ಬರುವುದಾದರೆ ಮಕ್ಕಳನ್ನು ಬೇರೆ ಮಾಡಿ ಏನು ಪ್ರಯೋಜನ? ಬೇರೆ ಮಾಡಿದರೆ ಸುಧಾರಿಸುತ್ತಾರೆ ಎಂದಾದರೆ ಹುಟ್ಟು ಕಾರಣವಲ್ಲ ಎಂದಾಯಿತಲ್ಲ? ಎರಡೂ ವಾದವನ್ನು ಅವರು ಒಟ್ಟಿಗೆ ನಂಬಿದರು, ಮತ್ತು ಎರಡೂ ಕಡೆಯಿಂದ ಮಗುವನ್ನು ಕಳೆದುಕೊಂಡವಳು ತಾಯಿ. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯ್ದೆ ದೇಶದಾದ್ಯಂತ ರದ್ದಾಯಿತು. ವಿಮುಕ್ತ ಸಮುದಾಯಗಳು ಇಂದಿಗೂ ಆ ದಿನವನ್ನು ನೆನೆಯುತ್ತವೆ. ಮರಾಠಿಯ ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಆತ್ಮಕಥೆ ಓದಿದವರಿಗೆ ಗೊತ್ತು, ಕಾಯ್ದೆ ಹೋದರೂ ಪೋಲೀಸರ ನೋಟ ಹೋಗಲು ಎಷ್ಟು ಕಾಲ ಬೇಕು ಎಂಬುದು.

ಈಗ ತಪ್ಪು ತಾಯಿಯ ತೊಡೆಯ ಮೇಲೆ

ಇಷ್ಟೆಲ್ಲ ಆದ ಮೇಲೆ ರಕ್ತಗುಣದ ಮಾತು ಆಡಲು ಜನ ಹೆದರಿದರು. ತಕ್ಕಡಿ ಇನ್ನೊಂದು ಕಡೆ ವಾಲಿತು. ಅದಕ್ಕೆ ಮೊದಲೇ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ 1920ರ ದಶಕದಲ್ಲಿ ದಾರಿ ಹಾಕಿದ್ದ. ಆರೋಗ್ಯವಂತ ಮಕ್ಕಳನ್ನು ನನ್ನ ಕೈಗೆ ಕೊಡಿ, ಬೇಕಾದರೆ ವೈದ್ಯನನ್ನಾಗಿ, ಬೇಕಾದರೆ ಕಳ್ಳನನ್ನಾಗಿ ಮಾಡಿ ಕೊಡುತ್ತೇನೆ ಎಂಬುದು ಅವನ ಜಂಬ. 1928ರಲ್ಲಿ ಮಕ್ಕಳ ಪಾಲನೆಯ ಬಗ್ಗೆ ಪುಸ್ತಕ ಬರೆದು, ತಾಯಂದಿರು ಮಕ್ಕಳನ್ನು ಅಪ್ಪಿ ಮುದ್ದಾಡುವುದು ಅಪಾಯ ಎಂದು ಎಚ್ಚರಿಸಿದ.

ಸ್ವಲ್ಪ ಕಾಲದ ನಂತರ ಬಂದವರು ಇದಕ್ಕೆ ಪೂರ್ತಿ ವಿರುದ್ಧ ಹೇಳಿದರು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ 11 ಮಕ್ಕಳನ್ನು ಪರೀಕ್ಷಿಸಿ ಆಟಿಸಂ ಎಂಬ ಸ್ಥಿತಿಯನ್ನು ಮೊದಲ ಬಾರಿಗೆ ವಿವರಿಸಿದ. ಆ ಪ್ರಬಂಧದಲ್ಲಿ ಇದು ಹುಟ್ಟಿನಿಂದಲೇ ಬರುತ್ತದೆ ಎಂದೇ ಹೇಳಿದ್ದ. ಆದರೆ ಈ ಮಕ್ಕಳ ತಂದೆತಾಯಿಯರಲ್ಲಿ ಬೆಚ್ಚನೆಯ ಪ್ರೀತಿ ಕಡಿಮೆ ಎಂದೂ ಬರೆದು, ಮುಂದೆ ಫ್ರಿಜ್ಜಿನ ಹೋಲಿಕೆ ಕೊಟ್ಟ. ಅಲ್ಲಿಂದ 'ರೆಫ್ರಿಜರೇಟರ್ ಮದರ್' ಎಂಬ ಮಾತು ಹರಡಿತು. 1948ರಲ್ಲಿ ಸ್ಕಿಜೋಫ್ರೇನಿಯಾಕ್ಕೂ ತಾಯಿಯೇ ಕಾರಣ ಎಂಬ ಹೊಸ ಪದ ಬಂತು. 1967ರಲ್ಲಿ ಬ್ರೂನೋ ಬೆಟ್ಟಲ್‌ಹೈಮ್ ಒಂದು ದಪ್ಪ ಪುಸ್ತಕವನ್ನೇ ಬರೆದು, ಮಗು ಇರಬಾರದಿತ್ತು ಎಂಬ ತಂದೆತಾಯಿಯರ ಒಳಮನಸ್ಸೇ ಆಟಿಸಂಗೆ ಕಾರಣ ಎಂದ. ಅಪ್ಪುಗೆ ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ಒಂದು ಇಡೀ ತಲೆಮಾರಿನ ತಾಯಂದಿರು ತಮ್ಮ ಮಗುವಿನ ಸ್ಥಿತಿಗೆ ತಾವೇ ಕಾರಣ ಎಂದು ನಂಬಿ ಒಳಗೊಳಗೇ ಬೆಂದರು.

ಮನೆಯ ಕಾರಣ ಎಂದು ಆಗಲೇ ಹೇಳಿದೆನಲ್ಲ, ಅದು ಇಲ್ಲಿದೆ. ನನ್ನ ಮಗನಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದರು. ಆ ವಾರ ಎರಡು ಫೋನ್ ಬಂದವು. ಒಬ್ಬರು, "ದಿನವೆಲ್ಲಾ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀಯ, ಮಗುವಿನ ಜೊತೆ ಮಾತಾಡೋರು ಯಾರು?" ಎಂದರು. ಇನ್ನೊಬ್ಬರು, "ನಿಮ್ಮ ತವರಿನ ಕಡೆ ಹೀಗೆ ಯಾರಾದರೂ ಇದ್ದರೇನಮ್ಮ?" ಎಂದರು. ಇಬ್ಬರೂ ನನ್ನ ಮೇಲೆ ಪ್ರೀತಿ ಇದ್ದವರೇ. ಒಬ್ಬರ ಮಾತಿನಲ್ಲಿ ಬೆಟ್ಟಲ್‌ಹೈಮ್ ಇದ್ದ, ಇನ್ನೊಬ್ಬರ ಮಾತಿನಲ್ಲಿ ಗಾಲ್ಟನ್ ಇದ್ದ. ಆ ಇಬ್ಬರ ಹೆಸರನ್ನೂ ಅವರು ಕೇಳಿರಲಿಲ್ಲ, ಆಗ ನಾನೂ ಕೇಳಿರಲಿಲ್ಲ.

ಅವಳಿಗಳು ಹೇಳಿದ ಸಾಕ್ಷ್ಯ

ತಾಯಂದಿರನ್ನು ಈ ಕಟಕಟೆಯಿಂದ ಇಳಿಸಿದ್ದು ಅನುವಂಶೀಯತೆಯ ಅಧ್ಯಯನವೇ ಎಂಬುದು ಈ ಇತಿಹಾಸದ ದೊಡ್ಡ ತಿರುವು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನೋವಿಜ್ಞಾನಿ, ಸ್ವತಃ ಆಟಿಸಂ ಇರುವ ಮಗುವಿನ ತಂದೆ, ತಾಯಿಯೇ ಕಾರಣ ಎಂಬ ವಾದಕ್ಕೆ ಪುರಾವೆ ಎಲ್ಲಿದೆ ಎಂದು ಪುಸ್ತಕ ಬರೆದು ಕೇಳಿದ. 1966ರಲ್ಲಿ ಲಿಯೊನಾರ್ಡ್ ಹೆಸ್ಟನ್ ಒಂದು ಅಧ್ಯಯನ ಪ್ರಕಟಿಸಿದ. ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಗಳಲ್ಲಿ ಬೇರೆಯಾಗಿ ಬೆಳೆದ 47 ಮಕ್ಕಳಲ್ಲಿ 5 ಜನರಿಗೆ ಆ ಕಾಯಿಲೆ ಬಂದಿತ್ತು. ಅದೇ ರೀತಿ ಬೇರೆಯಾಗಿ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ತಾಯಿಯ ಮಡಿಲಲ್ಲಿ ಬೆಳೆಯದವರಿಗೂ ಬಂದಿತು ಎಂದ ಮೇಲೆ ತಾಯಿಯ ಪಾಲನೆ ಕಾರಣ ಹೇಗಾದೀತು? ಹಾಗೆಯೇ 47ರಲ್ಲಿ 42 ಜನರಿಗೆ ಬರಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

1977ರಲ್ಲಿ ಲಂಡನ್ನಿನಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಆಟಿಸಂ ಇರುವ 21 ಅವಳಿ ಜೋಡಿಗಳನ್ನು ಹುಡುಕಿದರು. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಎರಡು ಅಂಡದ ಅವಳಿಗಳಲ್ಲಿ ಸಾಮಾನ್ಯ ಅಣ್ಣತಮ್ಮಂದಿರಂತೆ ಅರ್ಧದಷ್ಟು ಹೋಲಿಕೆ. ತದ್ರೂಪಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಎರಡನೇ ಬಗೆಯ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಬಹಳ ಚಿಕ್ಕ ಅಧ್ಯಯನ. ಆದರೆ ದಿಕ್ಕು ಸ್ಪಷ್ಟ. 2019ರಲ್ಲಿ ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆ ನೋಡಿದ ಅಧ್ಯಯನವೂ ಆಟಿಸಂನಲ್ಲಿ ಅನುವಂಶೀಯತೆಯ ಪಾಲು ಸುಮಾರು 80% ಎಂದಿತು. ಕ್ಯಾನರ್ ಕೂಡ 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ತಂದೆತಾಯಿಯರನ್ನು ದೋಷಮುಕ್ತರನ್ನಾಗಿ ಮಾಡುತ್ತಿದ್ದೇನೆ ಎಂಬರ್ಥದ ಮಾತು ಹೇಳಿದ್ದ.

ಸಾಮಾನ್ಯ ವ್ಯಕ್ತಿತ್ವದ ಬಗ್ಗೆ ಹೆಚ್ಚು ಸುದ್ದಿಯಾದದ್ದು ಮಿನ್ನೆಸೋಟಾ ಅಧ್ಯಯನ. 1979ರಲ್ಲಿ ಜಿಮ್ ಎಂಬ ಒಂದೇ ಹೆಸರಿನ ಇಬ್ಬರು ತದ್ರೂಪಿಗಳು ತಮ್ಮ 39ನೇ ವಯಸ್ಸಿನಲ್ಲಿ ಒಂದಾದರು. ನಾಲ್ಕು ವಾರದ ಕೂಸುಗಳಾಗಿದ್ದಾಗ ಬೇರೆ ಬೇರೆ ಮನೆಗೆ ದತ್ತು ಹೋಗಿದ್ದವರು. ಇಬ್ಬರ ಮೊದಲ ಹೆಂಡತಿಯ ಹೆಸರೂ ಲಿಂಡಾ, ಎರಡನೆಯವಳ ಹೆಸರು ಬೆಟ್ಟಿ. ಪತ್ರಿಕೆಗಳಿಗೆ ಹಬ್ಬ. ಹೆಂಡತಿಯ ಹೆಸರನ್ನು ಆರಿಸುವ ಜೀನ್ ಯಾವುದೂ ಇಲ್ಲ, ಅದು ಕಾಕತಾಳೀಯ. ಆದರೆ ಥಾಮಸ್ ಬೌಚರ್ಡ್ ಅಲ್ಲಿಂದ ಆರಂಭಿಸಿ ನೂರಕ್ಕೂ ಹೆಚ್ಚು ಅಂಥ ಅವಳಿ, ತ್ರಿವಳಿಗಳನ್ನು ಕರೆಸಿ ಪರೀಕ್ಷಿಸಿದ. 1990ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಬೇರೆಯಾಗಿ ಬೆಳೆದ ತದ್ರೂಪಿಗಳು ಸ್ವಭಾವದಲ್ಲಿ ಒಟ್ಟಿಗೆ ಬೆಳೆದವರಷ್ಟೇ ಹೋಲುತ್ತಿದ್ದರು. ಅವರ ದತ್ತು ಮನೆಗಳು ನಿಜಕ್ಕೂ ಎಷ್ಟು ಬೇರೆಯಾಗಿದ್ದವು ಎಂಬ ಟೀಕೆ ಬಂತು, ಅದು ನ್ಯಾಯವೂ ಹೌದು. 2015ರಲ್ಲಿ ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದಾಗ, 2,748 ಪ್ರಬಂಧಗಳು, 1.4 ಕೋಟಿಗೂ ಹೆಚ್ಚು ಅವಳಿ ಜೋಡಿಗಳು, ಸರಾಸರಿ ಲೆಕ್ಕ 49% ಬಂತು. ಅರ್ಧಕ್ಕರ್ಧ! ನಮ್ಮ ಎರಡು ಗಾದೆಗಳೂ ಸರಿಸಮ ಗೆದ್ದಂತಾಯಿತು.

49% ಎಂದರೆ ಏನಲ್ಲ?

ಇಲ್ಲಿ ದತ್ತಾಂಶದ ಕೆಲಸದವಳಾಗಿ ನಾನು ಸ್ವಲ್ಪ ನಿಲ್ಲಬೇಕು. ಈ ಸಂಖ್ಯೆಯನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ನಿಮ್ಮ ಸಿಟ್ಟಿನಲ್ಲಿ 49 ಪಾಲು ಅಪ್ಪ ಅಮ್ಮನಿಂದ, 51 ಪಾಲು ಊರಿನಿಂದ ಎಂದು ಅರ್ಥವಲ್ಲ. ಒಂದು ಜನಸಮೂಹದಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶವಾಹಿಗಳ ವ್ಯತ್ಯಾಸದಿಂದ ಬಂದಿದೆ ಎಂಬುದಷ್ಟೇ ಅದರ ಅರ್ಥ. ಒಬ್ಬ ವ್ಯಕ್ತಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಮನೆತನದಲ್ಲಿ ಬಂದದ್ದೆಲ್ಲ ವಂಶವಾಹಿಯಿಂದ ಬಂದದ್ದಲ್ಲ ಎಂಬುದಕ್ಕೆ ನಮ್ಮ ಸಂಘವೇ ಸಾಕ್ಷಿ. ಕನ್ನಡ ಮಾತಾಡುವವರ ಮಕ್ಕಳು ಕನ್ನಡ ಮಾತಾಡುತ್ತಾರೆ. ಧಾರವಾಡದವರ ಮಕ್ಕಳ ಬಾಯಲ್ಲಿ "ಹೌದಲ್ರೀ" ಬರುತ್ತದೆ, ಮಂಗಳೂರಿನವರ ಮಕ್ಕಳ ಬಾಯಲ್ಲಿ "ಮಾರಾಯ್ರೇ" ಬರುತ್ತದೆ. ಗಾಲ್ಟನ್ ಇದ್ದಿದ್ದರೆ ವಂಶಾವಳಿ ತೆಗೆದು ಕನ್ನಡ ರಕ್ತದಲ್ಲಿ ಬರುತ್ತದೆ ಎಂದು ಸಾಧಿಸಿಬಿಡುತ್ತಿದ್ದ! ಅದೇ ಮಗು ಸೊಸೈಟಿಯ ಅಂಗಳಕ್ಕೆ ಇಳಿದೊಡನೆ ಸೊಗಸಾದ ಮರಾಠಿ ಮಾತಾಡುತ್ತದೆ. ಭಾಷೆ ಕಲಿಯುವ ಶಕ್ತಿ ಹುಟ್ಟಿನಿಂದ ಬಂದದ್ದು, ಯಾವ ಭಾಷೆ ಎಂಬುದು ಬೆಳೆದ ಜಾಗದ್ದು. ಇಲ್ಲಿ ಎಷ್ಟು ಪ್ರತಿಶತ ಯಾವುದು ಎಂದು ಕೇಳುವುದಕ್ಕೇ ಅರ್ಥವಿಲ್ಲ.

ಇನ್ನೂ ಒಂದು ವಿಚಿತ್ರ. ಎಲ್ಲ ಮಕ್ಕಳಿಗೂ ಒಂದೇ ತರಹದ ಒಳ್ಳೆಯ ಶಾಲೆ, ಊಟ, ಔಷಧ ಸಿಕ್ಕರೆ ಉಳಿದ ವ್ಯತ್ಯಾಸ ಬಹುಪಾಲು ವಂಶವಾಹಿಗಳದ್ದೇ ಆಗುತ್ತದೆ, ಆ ಸಂಖ್ಯೆ ಏರುತ್ತದೆ. ಅವಕಾಶಗಳೇ ಏರುಪೇರಾಗಿದ್ದರೆ ಸಂಖ್ಯೆ ಇಳಿಯುತ್ತದೆ. 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು ಅಮೆರಿಕದ ಅವಳಿ ಮಕ್ಕಳ ಬುದ್ಧಿಮತ್ತೆ ನೋಡಿದಾಗ, ಉಳ್ಳವರ ಮನೆಯಲ್ಲಿ ಅನುವಂಶೀಯತೆಯ ಪಾಲು ದೊಡ್ಡದಾಗಿತ್ತು, ಕಡುಬಡವರ ಮನೆಯಲ್ಲಿ ಸೊನ್ನೆಯ ಹತ್ತಿರ ಇತ್ತು. ಬೇರೆ ದೇಶಗಳಲ್ಲಿ ಇದೇ ಫಲಿತಾಂಶ ಯಾವಾಗಲೂ ಸಿಕ್ಕಿಲ್ಲ ಎಂಬುದೂ ನಿಜ. ಆದರೂ ಸ್ಥಿತಿಗತಿ ಬದಲಾದರೆ ಈ ಸಂಖ್ಯೆ ಬದಲಾಗಬಲ್ಲದು ಎಂಬ ಪಾಠ ಮುಖ್ಯ.

'ಕೋಪದ ಜೀನ್' ಹುಡುಕಾಟ

1993ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ ಬ್ರನ್ನರ್ ಒಂದು ಕುಟುಂಬದ ಬಗ್ಗೆ ಬರೆದ. ಆ ಮನೆಯ ಹಲವು ಗಂಡಸರಿಗೆ ಸ್ವಲ್ಪ ಮಂದಬುದ್ಧಿ, ಜೊತೆಗೆ ಇದ್ದಕ್ಕಿದ್ದಂತೆ ಉಕ್ಕುವ ಕೋಪ. ಇದನ್ನು ವೈದ್ಯರ ಬಳಿ ತಂದವಳೂ ಆ ಮನೆಯ ಒಬ್ಬ ಹೆಣ್ಣುಮಗಳೇ. ಪರೀಕ್ಷಿಸಿದಾಗ ಎಕ್ಸ್ ಕ್ರೋಮೋಸೋಮಿನ ಮೇಲಿರುವ ಎಂಎಓಎ ಎಂಬ ಜೀನ್ ಪೂರ್ತಿ ಕೆಟ್ಟಿತ್ತು. ಇದು ನಿಜವಾದ, ಆದರೆ ಅತಿ ಅಪರೂಪದ ಸ್ಥಿತಿ. ಮಾಧ್ಯಮಗಳು ಅಷ್ಟಕ್ಕೇ ಬಿಡಲಿಲ್ಲ. ಅದೇ ಜೀನಿನ ಸಾಮಾನ್ಯ ರೂಪಾಂತರವೊಂದಕ್ಕೆ 'ಯೋಧ ಜೀನ್' ಎಂದು ಹೆಸರಿಟ್ಟರು. ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ಅದು ಹೆಚ್ಚು ಎಂಬ ಮಾತು 2006ರಲ್ಲಿ ದೊಡ್ಡ ವಿವಾದವಾಯಿತು. ನಮ್ಮ 1871ರ ಕಾಯ್ದೆ ಹೊಸ ಅಂಗಿ ತೊಟ್ಟು ಬಂದಂತೆ.

ಹೀಗೆ ಖಿನ್ನತೆಗೆ ಒಂದು ಜೀನ್, ಆತಂಕಕ್ಕೆ ಒಂದು ಜೀನ್ ಎಂದು ನೂರಾರು ಪ್ರಬಂಧಗಳು ಬಂದವು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು ಖಿನ್ನತೆಯ ಪ್ರಸಿದ್ಧ ಜೀನ್‌ಗಳನ್ನು ಪರೀಕ್ಷಿಸಿದಾಗ, ಅವುಗಳ ಪ್ರಭಾವ ಬೇರಾವುದೋ ಜೀನ್‌ಗಿಂತ ಹೆಚ್ಚಿಲ್ಲ ಎಂದು ತಿಳಿಯಿತು. ಸಣ್ಣ ಮಾದರಿಯ ಮೇಲೆ ಕಟ್ಟಿದ ಮನೆ ದೊಡ್ಡ ಮಾದರಿ ಬಂದಾಗ ಕುಸಿಯಿತು. ನಮ್ಮ ಕಸುಬಿನಲ್ಲೂ ಇದು ನಿತ್ಯ ನೋಡುವ ಸಂಗತಿ. ಇಂದಿನ ತಿಳುವಳಿಕೆ ಇಷ್ಟು: ಸ್ವಭಾವದ ಹಿಂದೆ ಸಾವಿರಾರು ಜೀನ್ ರೂಪಾಂತರಗಳಿವೆ, ಒಂದೊಂದರ ಪಾಲು ಸಾಸಿವೆಯಷ್ಟು. 'ಕೋಪದ ಜೀನ್', 'ಜಾಣತನದ ಜೀನ್' ಎಂಬುದು ಇಲ್ಲ.

ಹಠ ಬಿಡದ ಒಬ್ಬ ತಾಯಿ

ಕೊನೆಗೆ ನನಗೆ ಬಹಳ ಇಷ್ಟವಾದ ಭಾಗ. ನಾರ್ವೆ ದೇಶದ ಬೊರ್ಗ್ನಿ ಎಗೆಲಾಂಡ್ ಎಂಬ ತಾಯಿಗೆ ಇಬ್ಬರು ಮಕ್ಕಳು, ಲಿವ್ ಮತ್ತು ಡಾಗ್. ಹುಟ್ಟುವಾಗ ಚೆನ್ನಾಗಿದ್ದವರು ಬೆಳೆಯುತ್ತಾ ಬುದ್ಧಿ ಕುಂಠಿತರಾದರು. ಮಕ್ಕಳ ಮೈಯಿಂದ ಒಂದು ವಿಚಿತ್ರ ವಾಸನೆ ಬರುತ್ತದೆ, ಇದಕ್ಕೂ ಅದಕ್ಕೂ ಏನೋ ಸಂಬಂಧವಿದೆ ಎಂದು ಅವಳು ಒಬ್ಬೊಬ್ಬ ವೈದ್ಯರ ಬಾಗಿಲು ತಟ್ಟಿದಳು. ಯಾರೂ ಕಿವಿಗೊಡಲಿಲ್ಲ. 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯ ಕಿವಿಗೊಟ್ಟ. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ವಾರಗಟ್ಟಲೆ ಕೆಲಸ ಮಾಡಿ ಅವನು ಕಾರಣ ಕಂಡುಹಿಡಿದ. ಆಹಾರದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶವನ್ನು ಅರಗಿಸುವ ಕಿಣ್ವ ಆ ಮಕ್ಕಳಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅದು ರಕ್ತದಲ್ಲಿ ಸೇರಿ ಮಿದುಳನ್ನು ಕೆಡಿಸುತ್ತಿತ್ತು. ಇಂದು ಪಿಕೆಯು ಎಂದು ಕರೆಯುವ ಈ ಕಾಯಿಲೆ ನೂರಕ್ಕೆ ನೂರು ವಂಶವಾಹಿಯಿಂದ ಬರುವಂಥದ್ದು.

1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಬ್ಬ ತಾಯಿ, ರೋಗ ಕಂಡುಹಿಡಿದಿರಲ್ಲ, ಈಗ ಗುಣ ಮಾಡಿ ಎಂದು ದಿನವೂ ಆಸ್ಪತ್ರೆಗೆ ಬಂದು ವೈದ್ಯ ಹೋರ್ಸ್ಟ್ ಬಿಕೆಲ್‌ನನ್ನು ಕಾಡಿದಳು. ಅವನು ಫಿನೈಲ್‌ಅಲನಿನ್ ಕಡಿಮೆ ಇರುವ ವಿಶೇಷ ಆಹಾರ ತಯಾರಿಸಿದ. ಅವಳ ಮಗಳು ತಡವಾಗಿ ಆರಂಭಿಸಿದರೂ ಸುಧಾರಿಸಿದಳು. 1960ರ ದಶಕದಲ್ಲಿ ರಾಬರ್ಟ್ ಗಥ್ರಿ ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪತ್ತೆ ಹಚ್ಚುವ ವಿಧಾನ ತಂದ. ಈಗ ಆರಂಭದಲ್ಲೇ ಆಹಾರ ಬದಲಿಸಿದರೆ ಆ ಮಕ್ಕಳು ಎಲ್ಲರಂತೆ ಓದಿ ಬೆಳೆಯುತ್ತಾರೆ. ಜೀನ್ ಬದಲಾಗಿಲ್ಲ, ಊಟ ಬದಲಾಗಿದೆ. ಹುಟ್ಟಿನಿಂದ ಬಂದದ್ದು ಎಂದರೆ ಏನೂ ಮಾಡಲಾಗದು ಎಂದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಮುಂದಿರುವುದು

ಈ ಇತಿಹಾಸ ಇನ್ನೂ ಮುಗಿದಿಲ್ಲ ಗೆಳತಿಯರೇ. ಮಗುವಿನ ಉಗುಳು ಕಳಿಸಿದರೆ ಸಂಗೀತಗಾರನೋ ಕ್ರಿಕೆಟಿಗನೋ ಹೇಳುತ್ತೇವೆ ಎನ್ನುವ ಕಂಪನಿಗಳಿವೆ. ಬೆರಳಚ್ಚು ನೋಡಿ ಪ್ರತಿಭೆ ಹೇಳುತ್ತೇವೆ ಎಂದು ನಮ್ಮ ಸೊಸೈಟಿಗಳ ಗೇಟಿನವರೆಗೂ ಬರುತ್ತಾರೆ. ಎರಡನೆಯದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. ಮೊದಲನೆಯದು ಸಾವಿರಾರು ಸಾಸಿವೆ ಕಾಳುಗಳಲ್ಲಿ ನಾಲ್ಕೈದನ್ನು ಹಿಡಿದು ಭವಿಷ್ಯ ಹೇಳುವ ಕೆಲಸ. ಹಣ ಕೊಡುವ ಮೊದಲು ಯೋಚಿಸಿ. ಹೆಣ್ಣು ನೋಡಲು ಹೋದಾಗ "ಆ ಮನೆತನದಲ್ಲಿ ಒಬ್ಬನಿಗೆ ತಲೆ ಸರಿಯಿಲ್ಲವಂತೆ" ಎಂದು ಸಂಬಂಧ ಬಿಡುವ ಮುನ್ನ ಹೆಸ್ಟನ್‌ನ 42 ಜನರನ್ನು ನೆನೆಯಿರಿ.

ನಮ್ಮ ಮಹಿಳಾ ವೇದಿಕೆಯಲ್ಲಿ ಮಕ್ಕಳ ಮಾತು ಬರದ ಸಭೆ ಇಲ್ಲ. ಯಾರದಾದರೂ ಮಗು ಉಳಿದವರಂತೆ ಇಲ್ಲ ಎಂದು ಕಂಡರೆ, ಯಾರ ಕಡೆಯಿಂದ ಬಂತು ಎಂದಾಗಲಿ ನೀನೇನು ಮಾಡಿದೆ ಎಂದಾಗಲಿ ಕೇಳುವುದು ಬೇಡ. ಬದಲಿಗೆ ಕೇಳಬಹುದಾದ ಪ್ರಶ್ನೆಗಳು ಬೇಕಾದಷ್ಟಿವೆ: ಯಾವ ಡಾಕ್ಟರ ಬಳಿ ತೋರಿಸುತ್ತಿದ್ದೀರಿ? ಥೆರಪಿಗೆ ಹೋಗುವ ದಿನ ನಾನು ಜೊತೆಗೆ ಬರಲೇ? ದೊಡ್ಡ ಮಗಳನ್ನು ಶನಿವಾರ ನಮ್ಮ ಮನೆಯಲ್ಲಿ ಬಿಡುತ್ತೀರಾ? ನನ್ನ ಮಗನಿಗೆ ಈಗ ಏಳು ವರ್ಷ. ಶನಿವಾರ ಬೆಳಿಗ್ಗೆ ಅವನ ಸ್ಪೀಚ್ ಥೆರಪಿ ಇರುತ್ತದೆ. ಈ ಬಗ್ಗೆ ಮಾತಾಡಬೇಕೆನಿಸುವ ತಾಯಂದಿರು ಸಂಕೋಚವಿಲ್ಲದೆ ಸಂಘದ ಮುಂದಿನ ಸಭೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, ಕೂತು ಮಾತಾಡೋಣ.